ಸೌಂಡ್ ಆಫ್ ಮಾಡಿ ನೋಡಿ, ಬೀನ್ ಮಹಾಶಯರನ್ನು!

ಮೊದಲೇ ಹೇಳಿಬಿಡುತ್ತೇನೆ. ಮಿಸ್ಟರ್ ಬೀನ್ ಎಂಬ ಆಸಾಮಿಯನ್ನು ಕಿರುತೆರೆಯಿಂದ ಬೆಳ್ಳಿತೆರೆಗೆ ಎರಡು ಸಲ ಹೊತ್ತು ತಂದರು. ಒಂದು ಸಲ 1997ರಲ್ಲಿ, ಇನ್ನೊಂದು ಸಲ 2007ರಲ್ಲಿ. ಗಲ್ಲಾಪೆಟ್ಟಿಗೆಯ ಲೆಕ್ಕ ಹಿಡಿದರೆ ಮೊದಲನೆಯದೇ ದೊಡ್ಡದು. ಆದರೆ ಬೀನ್ ಬೀನ್ ಆಗಿಯೇ ಬಂದದ್ದು ಎರಡನೆಯ ಸಲ. ಈ ತೀರ್ಪು ಕೊಟ್ಟವರು ಲಂಡನ್ನಿನ ವಿಮರ್ಶಕರಲ್ಲ, ಗಾಂಧಿನಗರದ ಪಂಡಿತರೂ ಅಲ್ಲ. ಸೊರಬದಲ್ಲಿ ಹೊಲಿಗೆ ಮೆಷಿನ್ ತುಳಿಯುವ ನನ್ನ ಸೋದರಮಾವ. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ. ಇಂಥವನು ಸಿನಿಮಾ ಬಗ್ಗೆ ಏನು ಹೇಳಿಯಾನು ಅಂತ ಮೂಗು ಮುರಿಯಬೇಡಿ. ಬೀನ್ ವಿಷಯದಲ್ಲಿ ಅವನಿಗಿಂತ ದೊಡ್ಡ ಜಡ್ಜನ್ನು ನಾನಂತೂ ಕಂಡಿಲ್ಲ.

ನಮ್ಮ ಶಿಕಾರಿಪುರಕ್ಕೆ ಬೀನ್ ಸಾಹೇಬರು ಬಂದದ್ದು ಟಾಕೀಸಿನ ಬಾಗಿಲಿಂದಲ್ಲ, ಕೇಬಲ್ ವೈರಿನ ಮೂಲಕ. ಪೋಗೋ ಚಾನೆಲ್ ಶುರುವಾದದ್ದು 2004ರಲ್ಲಿ. ಆಗ ನನಗೆ ಏಳು ವರ್ಷ. ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಟೀವಿ ಮುಂದೆ ಕೂತರೆ, ಆಕಾಶದಿಂದ ಬೆಳಕಿನ ಕಂಬದೊಳಗೆ ಧೊಪ್ಪನೆ ಬೀಳುವ ಆ ಕಂದು ಕೋಟಿನ ಮನುಷ್ಯ! ನಮ್ಮ ಓಣಿಯಲ್ಲಿ ಅವನಿಗೆ 'ಬೀನ್ಸ್' ಅಂತಲೇ ಹೆಸರು. ಸಂತೆಯಲ್ಲಿ ಹುರುಳಿಕಾಯಿ ಕೊಳ್ಳುವಾಗಲೂ ಹುಡುಗರಿಗೆ ನಗು. ಅದೇನು ತಪ್ಪಲ್ಲ ಬಿಡಿ. ಆ ಪಾತ್ರಕ್ಕೆ ಹೆಸರು ಹುಡುಕುವಾಗ ತರಕಾರಿ ಬುಟ್ಟಿಗೇ ಕೈ ಹಾಕಿದ್ದರಂತೆ, ಮಿಸ್ಟರ್ ಕಾಲಿಫ್ಲವರ್ ಅನ್ನುವುದೂ ಪಟ್ಟಿಯಲ್ಲಿತ್ತಂತೆ. ಸ್ವಲ್ಪದರಲ್ಲಿ ತಪ್ಪಿತು ನೋಡಿ, ಇಲ್ಲದಿದ್ದರೆ ನಾವು ಅವನನ್ನು ಹೂಕೋಸು ಅನ್ನುತ್ತಿದ್ದೆವು!

ಈ ಪಾತ್ರ ಮಾಡಿದ ಪುಣ್ಯಾತ್ಮ ರೋವನ್ ಅಟ್ಕಿನ್ಸನ್. ಹುಟ್ಟಿದ್ದು 1955ರ ಜನವರಿ 6ರಂದು, ಇಂಗ್ಲೆಂಡಿನ ಉತ್ತರದ ಕಾನ್ಸೆಟ್ ಎಂಬಲ್ಲಿ. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಅದೂ ಆಕ್ಸ್‌ಫರ್ಡ್‌ವರೆಗೆ. ಅಲ್ಲಿದ್ದಾಗಲೇ ಕನ್ನಡಿ ಮುಂದೆ ಮುಖ ತಿರುಚಿ ತಿರುಚಿ ಈ ಪಾತ್ರವನ್ನು ಕೆತ್ತಿಕೊಂಡ. ಇನ್ನೊಂದು ಮಾತು ಓದುಗರಿಗೆ ತಿಳಿದಿರಲಿ: ಅಟ್ಕಿನ್ಸನ್‌ಗೆ ಮಾತಿನಲ್ಲಿ ತೊದಲು ಇದೆ. ಪಾತ್ರದೊಳಗೆ ಹೊಕ್ಕಾಗ ತೊದಲು ಓಡಿಹೋಗುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅಂದರೆ ಏನು ಅಂತ ಬಲ್ಲವನೇ ಮಾತಿಲ್ಲದ ಮನುಷ್ಯನನ್ನು ಹೆತ್ತ ಅನ್ನುವುದು ನನಗೆ ಸುಮ್ಮನೆ ಕಾಕತಾಳೀಯ ಅನ್ನಿಸುವುದಿಲ್ಲ.

1987ರಲ್ಲಿ ಕೆನಡಾದ ಮಾಂಟ್ರಿಯಲ್ ಪಟ್ಟಣದ ಹಾಸ್ಯೋತ್ಸವಕ್ಕೆ ಹೋದಾಗ ಅವರು ಒಂದು ಪಟ್ಟು ಹಿಡಿದರು. ಇಂಗ್ಲಿಷ್ ಬಲ್ಲವರ ಮುಂದೆ ಅಲ್ಲ, ಫ್ರೆಂಚ್ ಮಾತಾಡುವವರ ವೇದಿಕೆಯ ಮೇಲೇ ನಾನು ಈ ಪಾತ್ರ ಮಾಡಬೇಕು! ಸಂಘಟಕರು ಕಣ್ಣು ಕಣ್ಣು ಬಿಟ್ಟಿರಬೇಕು. ಅಟ್ಕಿನ್ಸನ್‌ಗೆ ಬೇಕಾದದ್ದು ಚಪ್ಪಾಳೆಯಲ್ಲ, ಪರೀಕ್ಷೆ. ತನ್ನ ಭಾಷೆ ಬಾರದವನು ನಗುತ್ತಾನೋ ಇಲ್ಲವೋ ಎಂಬ ಪರೀಕ್ಷೆ. ಅವರು ನಕ್ಕರು. 1990ರ ಜನವರಿ 1ರಂದು ಐಟೀವಿಯಲ್ಲಿ ಮೊದಲ ಕಂತು ಬಂತು. ಎಲ್ಲ ಸೇರಿ ತಯಾರಾದದ್ದು ಬರೀ ಹದಿನೈದು ಕಂತು ಸ್ವಾಮಿ, ಹದಿನೈದು! ನಮ್ಮ ಧಾರಾವಾಹಿಗಳಲ್ಲಿ ಹದಿನೈದು ಕಂತಿಗೆ ಅತ್ತೆ ಇನ್ನೂ ಮೆಟ್ಟಿಲು ಇಳಿದು ಮುಗಿದಿರುವುದಿಲ್ಲ.

ರಜೆ ಬಂದರೆ ನಾನು ಸೊರಬಕ್ಕೆ. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು, ಕಿಟಕಿ ಪಕ್ಕದ ಸೀಟು, ಅಜ್ಜಿ ಮನೆ. ಮಾವನ ಅಂಗಡಿ ಮುಂದೆ, ಮನೆ ಹಿಂದೆ. ಅಂಗಡಿಯ ಮೂಲೆಯಲ್ಲಿ ಹದಿನಾಲ್ಕು ಇಂಚಿನ ಟೀವಿ. ಆ ಟೀವಿಯ ಸೌಂಡು ಸದಾ ಸೊನ್ನೆ. ಮಾವನಿಗೆ ಅದು ಬೇಕಿಲ್ಲ, ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ಅಳತೆ ಮಾತಾಡುವಾಗ ಅಜ್ಜಿಗೆ ಗದ್ದಲವೂ ಆಗುವುದಿಲ್ಲ. ನಾನು ಹೋದರೂ ಕಾನೂನು ಬದಲಾಗಲಿಲ್ಲ. ಹೀಗಾಗಿ ಶಿಕಾರಿಪುರದಲ್ಲಿ ನಾನು ಬೀನ್‌ನನ್ನು ನಗುವಿನ ಅಲೆಗಳ ಸದ್ದಿನೊಂದಿಗೆ ನೋಡಿದರೆ, ಸೊರಬದಲ್ಲಿ ನಿಶ್ಶಬ್ದವಾಗಿ ನೋಡಿದೆ. ಏನು ಕಮ್ಮಿಯಾಯಿತು ಅಂತೀರಿ? ಏನೂ ಇಲ್ಲ! ನಗು ಬರುವ ಜಾಗದಲ್ಲಿ ನಗು ಬಂದೇ ಬಂತು. ಮಾವನೂ ನಾನೂ ಒಂದೇ ಕ್ಷಣಕ್ಕೆ ನಗುತ್ತಿದ್ದೆವು. ಇದು ಸಣ್ಣ ಸಂಗತಿಯಲ್ಲ. ಬೇರೆ ಯಾವ ಕಾರ್ಯಕ್ರಮ ಬಂದರೂ ಮನೆಯವರು ನಕ್ಕ ಮೇಲೆ ಮಾವ ಅವರ ಮುಖ ನೋಡಿ, ತಡವಾಗಿ, ಮರ್ಯಾದೆಗೆ ನಗುತ್ತಿದ್ದ. ಬೀನ್ ಬಂದಾಗ ಮಾತ್ರ ಮೊದಲು ನಗುವವನು ಅವನೇ.

ಮೊದಲ ಕಂತಿನಲ್ಲಿ ಒಂದು ಸಮುದ್ರತೀರದ ಪ್ರಸಂಗ ಇದೆ, ನೋಡಿದವರಿಗೆ ನೆನಪಿರಬಹುದು. ಬೀನ್ ಈಜುಚಡ್ಡಿ ಹಾಕಿಕೊಳ್ಳಬೇಕು. ಎದುರಿಗೆ ಕುರ್ಚಿಯಲ್ಲಿ ಒಬ್ಬ ಕೂತಿದ್ದಾನೆ. ಅವನ ಮುಂದೆ ಪ್ಯಾಂಟು ಬಿಚ್ಚಲು ನಾಚಿಕೆ. ಪ್ಯಾಂಟಿನ ಮೇಲೆಯೇ ಚಡ್ಡಿ ಏರಿಸಿ, ಒಳಗಿಂದ ಪ್ಯಾಂಟನ್ನು ಎಳೆದು ತೆಗೆಯುವ ಸರ್ಕಸ್ಸು! ಕೆರೆ ದಂಡೆಯ ಮೇಲೆ ಟವೆಲ್ ಸುತ್ತಿಕೊಂಡು ಹಲ್ಲಲ್ಲಿ ಅಂಚು ಕಚ್ಚಿ ಚಡ್ಡಿ ಬದಲಿಸಿದ ಯಾವ ಗಂಡಸಿಗೆ ಇದನ್ನು ವಿವರಿಸಬೇಕು ಹೇಳಿ. ಎಲ್ಲ ಮುಗಿದ ಮೇಲೆ ಕುರ್ಚಿಯವನು ಎದ್ದು ಬಿಳಿ ಕೋಲು ತಟ್ಟುತ್ತಾ ಹೊರಡುತ್ತಾನೆ, ಪಾಪ, ಅವನು ಕುರುಡ! ಮಾವ ಈ ಜಾಗಕ್ಕೆ ಬಂದಾಗಲೆಲ್ಲ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಅದೇ ಕಂತಿನ ಚರ್ಚಿನ ದೃಶ್ಯ ಮಾತ್ರ ಅವನಿಗೆ ಅರ್ಧವೇ. ಪಕ್ಕದವನು ಹಾಡಿನ ಪುಸ್ತಕ ತೋರಿಸದೆ ಇದ್ದುದರಿಂದ ಬೀನ್ ಎಲ್ಲರ ಹಾಡಿನ ನಡುವೆ ಸಾಲು ಗೊತ್ತಿಲ್ಲದೆ ಬಾಯಿ ಅಲ್ಲಾಡಿಸಿ, 'ಹಲ್ಲೆಲೂಯಾ' ಬಂದಾಗ ಮಾತ್ರ ಕಿರುಚುತ್ತಾನಲ್ಲ, ಅದು. ಆದರೂ ಬಾಯಿ ಅಲ್ಲಾಡಿಸುವುದನ್ನು ಕಂಡು ಮಾವ ನನ್ನತ್ತ ತಿರುಗಿ ತನ್ನ ಎದೆ ಮುಟ್ಟಿ ತೋರಿಸುತ್ತಿದ್ದ. ನಾನೂ ಜಾತ್ರೆಯಲ್ಲಿ ಮಂಗಳಾರತಿಗೆ ಹೀಗೇ ಮಾಡುವುದು ಅಂತ.

ಟೇಲರನ ಕಣ್ಣು ಬೇರೆ! ಬೀನ್‌ನ ಪ್ಯಾಂಟು ಎರಡು ಬೆರಳು ಗಿಡ್ಡ ಇದೆ ಎಂಬುದನ್ನು ನನಗೆ ತೋರಿಸಿಕೊಟ್ಟವನು ಅವನು. ಕೋಟಿನ ಮೊಣಕೈಗೆ ತೇಪೆ, ಕಿರಿದಾದ ಕೆಂಪು ಟೈ, ಕೋಟು ಮೈಗೆ ಸ್ವಲ್ಪ ಬಿಗಿ. ಕೈಯಲ್ಲಿ ಅಳತೆ ತೋರಿಸಿ ಅವನು ಹೇಳಿದ್ದರ ತಾತ್ಪರ್ಯ ಇಷ್ಟು: ದೊಡ್ಡ ಆಳಿಗೆ ಚಿಕ್ಕ ಹುಡುಗನ ಬಟ್ಟೆ ಹಾಕಿದ್ದಾರೆ. ಅಟ್ಕಿನ್ಸನ್ ಕೂಡ ಸಂದರ್ಶನಗಳಲ್ಲಿ ಬೀನ್ ಅಂದರೆ ದೊಡ್ಡವನ ಮೈಯೊಳಗಿನ ಮಗು ಅಂತಲೇ ವರ್ಣಿಸುತ್ತಾ ಬಂದಿದ್ದಾರೆ. ನನ್ನ ಮಾವ ಇಂಗ್ಲಿಷ್ ಸಂದರ್ಶನ ಓದಿದವನಲ್ಲ, ಪ್ಯಾಂಟಿನ ಅಂಚು ಓದಿದವನು.

ಬೀನ್‌ಗಿಂತ ಮೊದಲು ಮಾವನಿಗೆ ಪೂರ್ತಿಯಾಗಿ ದಕ್ಕಿದ ಸಿನಿಮಾ ಒಂದೇ ಒಂದು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ 'ಪುಷ್ಪಕ ವಿಮಾನ', 1987ರದ್ದು. ನಿರ್ಮಾಪಕರು ನಮ್ಮ ಶೃಂಗಾರ್ ನಾಗರಾಜ್, ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ, ತೆರೆಯ ಮೇಲೆ ಕಮಲಹಾಸನ್ ಮತ್ತು ಅಮಲಾ. ಇಡೀ ಚಿತ್ರದಲ್ಲಿ ಒಂದು ಸಂಭಾಷಣೆ ಇಲ್ಲ. ಬಾಡಿಗೆ ಹಂತಕ ಮಂಜುಗಡ್ಡೆಯ ಚಾಕು ಹಿಡಿದು ಬರುವುದು, ಚಾಕು ಕರಗುವುದು, ಕೊನೆಗೆ ಹುಡುಗಿ ಗುಲಾಬಿಯ ಜೊತೆ ಎಸೆದ ವಿಳಾಸದ ಚೀಟಿ ಚರಂಡಿ ಪಾಲಾಗುವುದು... ಇಷ್ಟನ್ನೂ ಮಾವ ಇವತ್ತಿಗೂ ಎರಡು ಕೈಯಲ್ಲಿ ಆಡಿ ತೋರಿಸುತ್ತಾನೆ. ಅಣ್ಣಾವ್ರ ಚಿತ್ರಗಳನ್ನು ಅವನು ಮುಖಕ್ಕಾಗಿ, ಫೈಟಿಗಾಗಿ ನೋಡಿದ. ನರಸಿಂಹರಾಜು ಅವರನ್ನು ಆ ಹಲ್ಲು, ಆ ಕಡ್ಡಿ ಮೈಗಾಗಿ ನೋಡಿದ. ಕಥೆ ಮಾತ್ರ ಯಾರಾದರೂ ಪಕ್ಕದಲ್ಲಿ ಕೂತು ಬೆರಳಲ್ಲಿ ಹೇಳಬೇಕಿತ್ತು. ಯಾರ ಹಂಗೂ ಇಲ್ಲದೆ ಕಥೆ ಸಿಕ್ಕಿದ್ದು ಪುಷ್ಪಕ ವಿಮಾನದಲ್ಲೇ. ಮಾತಿಲ್ಲದೆ ಎರಡು ಗಂಟೆ ಪ್ರೇಕ್ಷಕನನ್ನು ಕೂರಿಸಲಾಗದು ಅನ್ನುವವರಿಗೆ ಬೆಂಗಳೂರಿನಲ್ಲಿ ನಿಂತು ಆಗಲೇ ಉತ್ತರ ಕೊಟ್ಟಾಗಿತ್ತು. ಲಂಡನ್ನಿನ ನಿರ್ಮಾಪಕರಿಗೆ ಈ ಸುದ್ದಿ ಮುಟ್ಟಿರಲಿಲ್ಲವೋ ಏನೋ!

ಏಕೆಂದರೆ 1997ರಲ್ಲಿ ಅವರು ಬೀನ್‌ಗೆ ಮಾಡಿದ್ದೇ ಬೇರೆ.

ಅವರ ಕಷ್ಟ ನನಗೂ ಅರ್ಥವಾಗುತ್ತದೆ. ಟೀವಿಯಲ್ಲಿ ಬೀನ್‌ನ ಒಂದು ಕಂತು ಅರ್ಧ ಗಂಟೆಗೂ ಕಮ್ಮಿ, ಅದರಲ್ಲೂ ಎರಡು ಮೂರು ಬಿಡಿ ಪ್ರಸಂಗ. ಪರೀಕ್ಷೆ ಬರೆದ, ಚಡ್ಡಿ ಹಾಕಿದ, ಚರ್ಚಿನಲ್ಲಿ ನಿದ್ದೆ ಹೊಡೆದ, ಮುಗೀತು. ಅವನಿಗೆ ಅಪ್ಪ ಅಮ್ಮ ಇಲ್ಲ, ಕಥೆ ಇಲ್ಲ, ಮುನ್ನ ಇಲ್ಲ, ಹಿನ್ನೆಲೆ ಇಲ್ಲ. ಒಂದು ಹಸಿರು ಮಿನಿ ಕಾರು, ಒಂದು ಟೆಡ್ಡಿ ಗೊಂಬೆ, ಅಷ್ಟೇ ಆಸ್ತಿ. ಇಂಥವನನ್ನು ಒಂದೂವರೆ ಗಂಟೆ ಎಳೆಯುವುದು ಹೇಗೆ? ಬ್ರಿಟಿಷರ ಬಳಿ ಇದಕ್ಕೊಂದು ಹಳೇ ಮದ್ದಿದೆ: ಟೀವಿ ಪಾತ್ರವನ್ನು ರಜೆಗೆ ಕಳಿಸುವುದು. 'ಆನ್ ದಿ ಬಸಸ್' ಅಂತ ಬಸ್ ಡ್ರೈವರ್ ಕಂಡಕ್ಟರುಗಳ ಟೀವಿ ಹಾಸ್ಯ ಒಂದಿತ್ತು. (ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡವರು ಅದನ್ನು ನೋಡಲೇಬೇಕು!) 1971ರಲ್ಲಿ ಅದು ಸಿನಿಮಾ ಆಗಿ ದುಡ್ಡು ಬಾಚಿತು, 1973ರ ಮೂರನೇ ಚಿತ್ರದ ಹೊತ್ತಿಗೆ ಪಾತ್ರಗಳೆಲ್ಲ ರಜೆಗೆ ಹೊರಟಿದ್ದವು. ನಗಬೇಡಿ, ನಮ್ಮಲ್ಲೂ ದ್ವಾರಕೀಶ್ 1978ರಲ್ಲಿ ಕುಳ್ಳನನ್ನು ಸಿಂಗಾಪುರಕ್ಕೆ ಕರೆದೊಯ್ದು 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಮಾಡಲಿಲ್ಲವೇ? ಬೀನ್‌ನನ್ನು ಅಮೆರಿಕಕ್ಕೆ ಸಾಗಹಾಕಿದರು.

ಕಥೆ ಹೀಗೆ. ಲಂಡನ್ನಿನ ಚಿತ್ರಶಾಲೆಯಲ್ಲಿ ಕೂತು ತೂಕಡಿಸುವ ಕಾವಲುಗಾರ ಬೀನ್. ಅವನನ್ನು ಕೆಲಸದಿಂದ ತೆಗೆಯಲು ಅಧ್ಯಕ್ಷರು ಬಿಡುವುದಿಲ್ಲ, ಹಾಗಾಗಿ ಮೇಲಿನವರು ಅವನಿಗೆ ಡಾಕ್ಟರ್ ಬೀನ್ ಅಂತ ಹಣೆಪಟ್ಟಿ ಕಟ್ಟಿ ಲಾಸ್ ಏಂಜಲೀಸಿಗೆ ದಬ್ಬುತ್ತಾರೆ. ಅಲ್ಲಿನ ಚಿತ್ರಶಾಲೆ ಐದು ಕೋಟಿ ಡಾಲರಿಗೆ ಕೊಂಡ ವಿಸ್ಲರನ ತಾಯಿಯ ಪ್ರಸಿದ್ಧ ವರ್ಣಚಿತ್ರದ ಬಗ್ಗೆ ಈ ಮಹಾ ಪಂಡಿತ ಭಾಷಣ ಮಾಡಬೇಕು! ನಿರ್ದೇಶನ ಮೆಲ್ ಸ್ಮಿತ್, ಬರೆದವರು ರಿಚರ್ಡ್ ಕರ್ಟಿಸ್ ಮತ್ತು ರಾಬಿನ್ ಡ್ರಿಸ್ಕಾಲ್. ಸುಮಾರು 1.8 ಕೋಟಿ ಡಾಲರ್ ಖರ್ಚಿನ ಚಿತ್ರ, ಗಳಿಸಿದ್ದು 25 ಕೋಟಿಗೂ ಮೇಲೆ. ಅದರಲ್ಲಿ ಅಮೆರಿಕದ ಪಾಲು ಐದರಲ್ಲಿ ಒಂದು ಭಾಗಕ್ಕೂ ಕಮ್ಮಿ. ಉಳಿದದ್ದೆಲ್ಲ ಹೊರಗಿನ ಲೋಕದ್ದು, ಅದರಲ್ಲಿ ಇಂಗ್ಲಿಷ್ ಬಾರದ ಊರುಗಳು ಎಷ್ಟೋ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಾವು ಇದನ್ನು ನೋಡಿದ್ದು ಸೊರಬದಲ್ಲಿ, ಬಾಡಿಗೆಗೆ ತಂದ ಡಿವಿಡಿಯಲ್ಲಿ, ಒಂದು ದಸರಾ ರಜೆಯಲ್ಲಿ. ಟೀವಿಯ ಬೀನ್ ಸಿನಿಮಾದಲ್ಲೂ ಇದ್ದಾನೆ ಅಂತ ನಾನು ಮೊದಲೇ ಸನ್ನೆ ಮಾಡಿ ತಿಳಿಸಿದ್ದರಿಂದ ಮಾವ ಅವತ್ತು ಅಂಗಡಿ ಬಾಗಿಲು ಅರ್ಧ ಎಳೆದಿದ್ದ. ವಿಮಾನದಲ್ಲಿ ವಾಂತಿ ಚೀಲವನ್ನು ಊದಿ ಒಡೆಯುವಾಗ ನಕ್ಕ. ವಿಮಾನ ನಿಲ್ದಾಣದಲ್ಲಿ ಕೋಟಿನೊಳಗೆ ಪಿಸ್ತೂಲಿದೆ ಅಂತ ನಟಿಸಿ ಪೊಲೀಸರನ್ನು ಓಡಿಸುವಾಗ ನಕ್ಕ. ಆಮೇಲೆ ಬಂತು ನೋಡಿ ಸಂಸಾರ! ಬೀನ್‌ಗೆ ಆಶ್ರಯ ಕೊಟ್ಟ ಅಮೆರಿಕದ ಅಧಿಕಾರಿ, ಅವನ ಹೆಂಡತಿ, ಮಕ್ಕಳು, ಅವರ ಜಗಳ, ಮುನಿಸು, ಹೆಂಡತಿ ಮನೆ ಬಿಟ್ಟು ಹೋಗುವುದು. ಎಲ್ಲರೂ ಕೂತು ಮಾತು, ನಿಂತು ಮಾತು. ಮಾವ ನನ್ನ ತೊಡೆ ತಟ್ಟಿ ಕೈ ತಿರುವಿದ. ಏನಂತೆ? ನಾನು ಏನು ಹೇಳಲಿ? ಆ ಅಮೆರಿಕದ ಇಂಗ್ಲಿಷಿಗೆ ನಾನೂ ಕಿವುಡನೇ. ಅವನು ಮತ್ತೊಮ್ಮೆ ಕೇಳಿದ. ನಾನು ಭುಜ ಕುಣಿಸಿದೆ. ಮೂರನೇ ಸಲ ಕೇಳಲಿಲ್ಲ. ಎದ್ದು ಹೋಗಿ ಯಾರದೋ ರವಿಕೆಗೆ ಹುಕ್ಕು ಹಾಕುತ್ತಾ ಕೂತ. ಬೀನ್ ತೆರೆಯ ಮೇಲೆ ಇದ್ದಾಗಲೇ ಮಾವ ಎದ್ದು ಹೋದದ್ದು ಅದೇ ಮೊದಲು.

ಅವನನ್ನು ಮತ್ತೆ ಕರೆತಂದದ್ದು ಆ ವರ್ಣಚಿತ್ರದ ದೃಶ್ಯ. ಬೀನ್ ಚಿತ್ರದ ಮೇಲೆ ಸೀನುತ್ತಾನೆ. ಒರೆಸಲು ತೆಗೆದ ಕರ್ಚೀಫಿನಲ್ಲಿ ಇಂಕು! ಇಂಕು ತೆಗೆಯಲು ಥಿನ್ನರ್ ಹಚ್ಚಿದರೆ ತಾಯಿಯ ಮುಖವೇ ಕರಗಿ ಮಾಯ! ಹೆದರಿದ ಬೀನ್ ಖಾಲಿ ಜಾಗದಲ್ಲಿ ತಾನೇ ಒಂದು ವ್ಯಂಗ್ಯಚಿತ್ರದ ಮುಖ ಬರೆಯುತ್ತಾನೆ. ಇಲ್ಲಿ ಮಾವ ನಗಲಿಲ್ಲ, ತಲೆ ಮೇಲೆ ಕೈ ಹೊತ್ತು ಕೂತ! ಗಿರಾಕಿಯ ಹೊಸ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಅಂಟಿದಾಗ ಆಗುವ ಎದೆಬಡಿತ ಟೇಲರಿಗಲ್ಲದೆ ಇನ್ಯಾರಿಗೆ ಗೊತ್ತು? ಮೊಟ್ಟೆಯ ಬಿಳಿ, ಉಗುರು ಬಣ್ಣ ಬಳಿದ ಪೋಸ್ಟರನ್ನು ಅಸಲಿ ಚಿತ್ರದ ಜಾಗದಲ್ಲಿ ನೇತುಹಾಕಿ ಬೀನ್ ಬಚಾವಾದಾಗ ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮುಖ್ಯವಾದ ಮಾತೇನೆಂದರೆ, ಈ ಭಾಗದಲ್ಲಿ ಸೌಂಡ್ ತೆಗೆದರೂ ಏನೂ ನಷ್ಟವಿಲ್ಲ. ಚಿತ್ರದಲ್ಲಿ ಎಲ್ಲೆಲ್ಲಿ ಸೌಂಡ್ ತೆಗೆದರೂ ನಡೆಯುತ್ತದೋ ಅಲ್ಲೆಲ್ಲ ಬೀನ್ ಬದುಕಿದ್ದಾನೆ. ಎಲ್ಲೆಲ್ಲಿ ನಡೆಯುವುದಿಲ್ಲವೋ ಅಲ್ಲಿ ಅವನು ಬೇರೆ ಯಾರದೋ ಮನೆಯಲ್ಲಿ ಉಳಿದ ಅತಿಥಿ.

ಕಡೆಯ ಭಾಷಣದ ಬಗ್ಗೆ ಮಾತ್ರ ನ್ಯಾಯವಾಗಿ ಎರಡು ಮಾತು ಹೇಳಬೇಕು. ಟೀವಿಯಲ್ಲಿ ಗೊಗ್ಗರು ದನಿಯಲ್ಲಿ ಒಂದೆರಡು ಪದ ಗೊಣಗುತ್ತಿದ್ದ ಬೀನ್ ಇಲ್ಲಿ ತುಂಬಿದ ಸಭೆಯೆದುರು ನಿಂತು ಮಾತಾಡುತ್ತಾನೆ. ನನ್ನ ಕೆಲಸ ಚಿತ್ರಗಳನ್ನು ನೋಡುತ್ತಾ ಕೂರುವುದು ಅಂತ ಶುರುಮಾಡಿ, ಮಗ ತಾಯಿಯ ಮೇಲಿನ ಪ್ರೀತಿಯಿಂದ ಬರೆದದ್ದೇ ಇದರ ದೊಡ್ಡತನ ಅನ್ನುವ ಅರ್ಥಕ್ಕೆ ಬಂದು ಮುಟ್ಟುತ್ತಾನೆ. ದೊಡ್ಡವನಾದ ಮೇಲೆ ಕೆಳಗೆ ಅಕ್ಷರ ಬರುವ ಪ್ರತಿಯಲ್ಲಿ ಇದನ್ನು ನೋಡಿದೆ. ಚೆನ್ನಾಗಿಯೇ ಬರೆದಿದ್ದಾರೆ, ಚಪ್ಪಾಳೆಗೆ ಅರ್ಹ. ಆದರೆ ಅದನ್ನು ಇನ್ನೊಬ್ಬ ನಟ ಇನ್ನೊಂದು ಪಾತ್ರದಲ್ಲಿ ಆಡಿದ್ದರೂ ಅಷ್ಟೇ ಚೆನ್ನಾಗಿರುತ್ತಿತ್ತು. ಮಾತು ಬಂದ ಕೂಡಲೇ ಬೀನ್ ಎಲ್ಲರಂತೆ ಆಗಿಬಿಟ್ಟ. ಸಿನಿಮಾ ಅಂದ ಮೇಲೆ ಸೆಂಟಿಮೆಂಟ್ ಬೇಕು, ಸೆಂಟಿಮೆಂಟ್ ಅಂದ ಮೇಲೆ ಡೈಲಾಗ್ ಬೇಕು ಅನ್ನುವ ರೋಗ ಗಾಂಧಿನಗರಕ್ಕೆ ಮಾತ್ರ ಅಂಟಿದ್ದಲ್ಲ ಅಂತ ನನಗೆ ಒಂದು ಬಗೆಯ ಸಮಾಧಾನ!

ಇನ್ನು ಎರಡನೆಯದು. 2007ರ 'ಮಿಸ್ಟರ್ ಬೀನ್ಸ್ ಹಾಲಿಡೇ', ನಿರ್ದೇಶಕ ಸ್ಟೀವ್ ಬೆಂಡೆಲಾಕ್. ಮತ್ತೆ ರಜೆಯೇ, ಹೆಸರಲ್ಲೇ ಇದೆ. ಆದರೆ ಈ ಸಲ ಕಳಿಸಿದ್ದು ಇಂಗ್ಲಿಷ್ ನಡೆಯದ ಫ್ರಾನ್ಸಿಗೆ. ಅಲ್ಲೇ ಇದೆ ಜಾಣತನ! ಫ್ರೆಂಚ್ ನಟ ನಿರ್ದೇಶಕ ಜಾಕ್ ತಾತಿ 1953ರಲ್ಲಿ ತನ್ನ ಮೂಸಿಯೇ ಹ್ಯೂಲೋ ಎಂಬ ಮಿತಭಾಷಿಯನ್ನು ರಜೆಗೆ ಕಳಿಸಿ ಜಗತ್ತನ್ನು ನಗಿಸಿದ್ದ. ಬೀನ್‌ನ ಹಿಂದಿರುವ ಸ್ಫೂರ್ತಿಗಳಲ್ಲಿ ಅವನೂ ಒಬ್ಬ. ಅಂದರೆ ಮೊಮ್ಮಗ ಅಜ್ಜನ ಮನೆಗೆ ರಜೆಗೆ ಹೋದ ಹಾಗೆ. ಚರ್ಚಿನ ಲಾಟರಿಯಲ್ಲಿ ಬೀನ್‌ಗೆ ಕಾನ್ ಸಮುದ್ರತೀರದ ಪ್ರವಾಸ, ಇನ್ನೂರು ಯೂರೋ ಹಣ, ಒಂದು ವಿಡಿಯೋ ಕ್ಯಾಮೆರಾ ಸಿಗುತ್ತದೆ. ಅಷ್ಟೇ ಕಥೆ. ಊರು ಮುಟ್ಟಬೇಕು, ಸಮುದ್ರ ನೋಡಬೇಕು.

ಇದನ್ನು ಕಂಡದ್ದೂ ಸೊರಬದಲ್ಲೇ, ಬೇಸಿಗೆ ರಜೆಯಲ್ಲಿ. ಮಾವ ಈ ಸಲ ಅಂಗಡಿ ಬಾಗಿಲು ಎಳೆಯಲಿಲ್ಲ. ಮೊದಲಿನ ಅನುಭವ ಇತ್ತಲ್ಲ! ಕಾಜಾ ಹೊಲಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದ. ಬೀನ್ ಕೈಯಲ್ಲಿ ದಿಕ್ಸೂಚಿ ಹಿಡಿದು ಪ್ಯಾರಿಸ್ಸಿನ ನಡುವೆ ಮೂಗಿನ ನೇರಕ್ಕೇ ನಡೆಯುತ್ತಾನೆ, ರಸ್ತೆ, ವಾಹನ, ಹೋಟೆಲ್ಲಿನ ಮೇಜು ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ. ಅಲ್ಲಿಗೆ ಮಾವನ ಸೂಜಿ ನಿಂತಿತು. ದೊಡ್ಡ ಹೋಟೆಲ್ಲಿನಲ್ಲಿ ತಟ್ಟೆ ತುಂಬ ಹಸೀ ಚಿಪ್ಪುಮೀನು ಬರುತ್ತದೆ. ತಿನ್ನಲಾಗದೆ, ಬಿಡಲಾಗದೆ ಬೀನ್ ಅದನ್ನು ಪಕ್ಕದ ಹೆಂಗಸಿನ ಕೈಚೀಲದೊಳಗೆ ಸುರಿಯುತ್ತಾನೆ. ಮದುವೆ ಮನೆಯಲ್ಲಿ ಬೇಡದ ಪಲ್ಯವನ್ನು ಎಲೆಯ ಕೆಳಗೆ ಸೇರಿಸಿದವರೆಲ್ಲ ಈಗ ನಗಬಹುದು. ಮಾವ ಹೊಲಿಗೆ ಬಿಟ್ಟು ಬಂದು ನನ್ನ ಪಕ್ಕ ಕೂತ. ಕಡೆಯವರೆಗೂ ಏಳಲಿಲ್ಲ.

ಇಲ್ಲಿಯೂ ಸೆಂಟಿಮೆಂಟ್ ಇದೆ ಸ್ವಾಮಿ, ಇಲ್ಲವೆಂದಲ್ಲ. ಬೀನ್‌ನ ದೆಸೆಯಿಂದ ಒಬ್ಬ ಹುಡುಗ ರೈಲು ನಿಲ್ದಾಣದಲ್ಲಿ ತಂದೆಯಿಂದ ಬೇರೆಯಾಗುತ್ತಾನೆ. ಹುಡುಗ ಆಡುವುದು ರಷ್ಯನ್. ದಾರಿಯಲ್ಲಿ ಸಿಗುವ ನಟಿ ಆಡುವುದು ಫ್ರೆಂಚ್. ಬೀನ್ ಏನೂ ಆಡುವುದಿಲ್ಲ, 'ವೀ', 'ನೋ', 'ಗ್ರಾಸಿಯಾಸ್' ಬಿಟ್ಟರೆ. ಮೂವರಿಗೂ ಒಂದು ಸಮಾನ ಭಾಷೆ ಇಲ್ಲ. ಆದರೂ ಒಬ್ಬರಿಗೊಬ್ಬರು ಅರ್ಥವಾಗುತ್ತಾರೆ! ಸಂತೆಯಲ್ಲಿ ಬೀನ್ ಚಿಲ್ಲರೆ ಕಾಸಿಗಾಗಿ ಪುಚ್ಚಿನಿಯ ಸಂಗೀತ ನಾಟಕದ ಹಾಡೊಂದಕ್ಕೆ ತುಟಿಯಾಡಿಸುತ್ತಾ, ಮುಸುಕು ಹೊದ್ದು ಗೋಳಾಡುವ ಅಭಿನಯ ಮಾಡುತ್ತಾನೆ. ಅದು ಹಾಡಿನ ದೃಶ್ಯ. ಮಾವನಿಗೆ ಅದರಲ್ಲೇನು ಸಿಗಬೇಕು ಅಂತ ನಾನಂದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು. ನಗುವಿನ ನೀರೋ ಇನ್ನೊಂದರದೋ ನಾನು ಕೇಳಲಿಲ್ಲ. ಬಾಯಿ ಆಡಿಸುತ್ತಾ ದನಿ ಹೊರಡಿಸದೆ ಸುತ್ತಲ ಜನವನ್ನು ಹಿಡಿದು ನಿಲ್ಲಿಸಿದ ಮನುಷ್ಯನನ್ನು ಅವನು ಅವತ್ತು ನೋಡಿದ.

ಕ್ಲೈಮ್ಯಾಕ್ಸು ಇನ್ನೂ ಸೊಗಸು. ಕಾನ್ ಚಿತ್ರೋತ್ಸವದಲ್ಲಿ ವಿಲ್ಲೆಮ್ ಡಾಫೋ ಆಡಿದ ಕಾರ್ಸನ್ ಕ್ಲೇ ಎಂಬ ಜಂಬದ ನಿರ್ದೇಶಕನ ಚಿತ್ರ ಓಡುತ್ತಿದೆ. ತೆರೆ ತುಂಬ ಅವನದೇ ಮುಖ, ಅವನದೇ ಪ್ರವಚನ, ಸಭೆ ತುಂಬ ಆಕಳಿಕೆ. ಬೀನ್ ತನ್ನ ಕ್ಯಾಮೆರಾದಲ್ಲಿ ದಾರಿಯುದ್ದಕ್ಕೂ ಹಿಡಿದ ಚಿತ್ರಗಳು ಆ ತೆರೆಯ ಮೇಲೆ ಮೂಡುತ್ತವೆ. ಮಾತು ನಿರ್ದೇಶಕನದು, ಚಿತ್ರ ಬೀನ್‌ನದು. ಜನ ಎದ್ದು ನಿಂತು ಚಪ್ಪಾಳೆ! ಪ್ರವಚನ ಕೇಳಿಸದ ಮಾವನಿಗೆ ಉಳಿದದ್ದು ಬೀನ್‌ನ ಚಿತ್ರಗಳು ಮಾತ್ರ, ಅವು ಸಾಕಾದವು. ಹತ್ತು ವರ್ಷ ಹಿಂದೆ ತನ್ನ ಬಾಯಿಗೆ ಭಾಷಣ ತುರುಕಿದವರಿಗೆ ಬೀನ್ ಹೀಗೆ ತೆರೆಯ ಮೇಲೆಯೇ ಉತ್ತರ ಕೊಟ್ಟನೇನೋ ಅಂತ ನನಗನ್ನಿಸುತ್ತದೆ. ಈ ಚಿತ್ರವೂ ಸುಮಾರು 23 ಕೋಟಿ ಡಾಲರ್ ಗಳಿಸಿತು. ಅಮೆರಿಕದ ಪಾಲು ಇನ್ನೂ ಕಮ್ಮಿ. ಮಾತು ಕಮ್ಮಿ ಮಾಡಿದರೆ ಗಲ್ಲಾಪೆಟ್ಟಿಗೆ ಒಣಗುತ್ತದೆ ಎಂಬ ಭಯ ಸುಳ್ಳಾಯಿತು.

ಹಾಗಂತ ಮಾತಿನ ಹಾಸ್ಯ ಕೀಳು ಅಂತ ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. 'ಮಜಾ ಟಾಕೀಸ್' ಕಾರ್ಯಕ್ರಮದ ವರಲಕ್ಷ್ಮಿಯನ್ನು ಮರೆಯುವುದುಂಟೇ? ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದ ಅಪರ್ಣಾ, ಅಚ್ಚುಕಟ್ಟು ನಿರೂಪಣೆಗೆ ಹೆಸರಾದ ಅಪರ್ಣಾ, ಬೆಂಗಳೂರು ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಆ ಕಂಠವೇ, ವರಲಕ್ಷ್ಮಿಯಾಗಿ ಬಿಂಕದಿಂದ ಮಾತಾಡಿದಾಗ ಶಿಕಾರಿಪುರದ ನಮ್ಮ ಮನೆಯಲ್ಲಿ ಊಟದ ತಟ್ಟೆ ಒಣಗುತ್ತಿತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಆ ಪಾತ್ರಕ್ಕೆ ಜೀವ ಇದ್ದದ್ದೇ ಕನ್ನಡದ ಉಚ್ಚಾರಣೆಯಲ್ಲಿ. ಅದನ್ನು ಮೂಕವಾಗಿಸಿದರೆ ಏನೂ ಉಳಿಯುವುದಿಲ್ಲ, ಬೀನ್‌ಗೆ ಮಾತು ಕೊಟ್ಟರೆ ಏನೂ ಉಳಿಯದ ಹಾಗೆ. ಕಿರುತೆರೆಯ ಪಾತ್ರವನ್ನು ಬೆಳ್ಳಿತೆರೆಗೆ ತರುವ ನಿರ್ಮಾಪಕರು ಕಥೆಗಿಂತ ಮುಂಚೆ ಇದೊಂದನ್ನು ವಿಚಾರಿಸಿಕೊಳ್ಳಬೇಕು: ಈ ಆಸಾಮಿಯ ಪ್ರಾಣ ಯಾವ ಗಿಳಿಯಲ್ಲಿದೆ?

ಅಟ್ಕಿನ್ಸನ್ ಆಮೇಲೂ ಸುಮ್ಮನೆ ಕೂರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಂದೇ ಸ್ವರ ಬಾರಿಸುತ್ತಾ ಬೇಸತ್ತು ಕೂತದ್ದನ್ನು ಜಗತ್ತೇ ನೋಡಿತು. 2022ರಲ್ಲಿ ಒಂದು ದುಂಬಿಯ ಜೊತೆ ಕುಸ್ತಿಗೆ ಬಿದ್ದು 'ಮ್ಯಾನ್ ವರ್ಸಸ್ ಬೀ' ಸರಣಿ ಮಾಡಿದರು. ಮಾವನಿಗೆ ಅದನ್ನು ಫೋನಿನಲ್ಲಿ ತೋರಿಸಿದೆ. ನಕ್ಕ. ಆದರೆ ಇವನು ಅವನಲ್ಲ ಅಂತ ಕೈ ಆಡಿಸಿದ.

ಸೊರಬದಲ್ಲಿ ಬೀನ್ ಇನ್ನೂ ಒಮ್ಮೆ ವೇದಿಕೆ ಏರಿದ್ದುಂಟು. ಶಾಲೆಯೊಂದರ ವಾರ್ಷಿಕೋತ್ಸವದ ವೇಷ ಸ್ಪರ್ಧೆಗೆ ಒಬ್ಬ ಹುಡುಗ ಬೀನ್ ಆಗಬೇಕಿತ್ತು, ಬಟ್ಟೆ ಹೊಲಿಯುವ ಕೆಲಸ ಮಾವನಿಗೆ ಬಂತು. ಮಾವ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕಂದು ಕೋಟು, ಮೊಣಕೈಗೆ ತೇಪೆ, ಕೆಂಪು ಟೈ, ಉಳಿದ ಕಂದು ಬಟ್ಟೆಯ ತುಂಡಿಗೆ ಹತ್ತಿ ತುಂಬಿ, ಗುಂಡಿಯ ಕಣ್ಣಿಟ್ಟು ಒಂದು ಟೆಡ್ಡಿ. ಹುಡುಗನ ತಾಯಿ ಬಂದು ನೋಡಿ, "ಅಯ್ಯೋ, ಪ್ಯಾಂಟ್ ಗಿಡ್ಡ ಆಯ್ತಲ್ಲ!" ಅಂದರು. ಮಾವ ಟೀವಿ ಕಡೆ ಬೆರಳು ಮಾಡಿ, ಎರಡು ಬೆರಳು ಎತ್ತಿ ತೋರಿಸಿದ. ಹುಡುಗನಿಗೆ ಶಾಲೆಯಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬಾಯಿಪಾಠ ಮಾಡಿಸಿದ್ದರು, ನಾನು ಮಿಸ್ಟರ್ ಬೀನ್, ನಾನು ಲಂಡನ್ನಿನವನು ಅಂತೇನೋ. ಅವನು ಅಂಗಡಿಯಲ್ಲಿ ಒಪ್ಪಿಸಲು ಬಾಯಿ ತೆರೆದಾಗ ಮಾವ ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ಬೇಡ.

ವೇದಿಕೆಯ ಮೇಲೆ ಹುಡುಗ ಮೈಕಿನ ಮುಂದೆ ನಿಂತ. ಮೈಕನ್ನು ನೋಡಿದ. ಮೂಸಿದ. ಟೆಡ್ಡಿಯ ಮೂಗಿಗೆ ಹಿಡಿದು ಅದಕ್ಕೂ ಮೂಸಿಸಿದ. ಆಮೇಲೆ ಮೈಕನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟ, ವೈರು ಎಳೆದು ಹಿಡಿಯಿತು. ಪೆಂಡಾಲು ಬಿದ್ದೂ ಬಿದ್ದೂ ನಕ್ಕಿತು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಕ್ಕವನು ಯಾರೆಂದು ಬೇರೆ ಹೇಳಬೇಕಿಲ್ಲ. ಮೊದಲ ಬಹುಮಾನ ಕಿತ್ತೂರು ಚೆನ್ನಮ್ಮನ ಪಾಲಾಯಿತು. ಆ ಹುಡುಗಿ ಕತ್ತಿ ಹಿಡಿದು ಚೆನ್ನಾಗಿಯೇ ಮಾತಾಡಿದಳು. ಬೀನ್‌ಗೆ ಯಾವ ಬಹುಮಾನವೂ ಇಲ್ಲ, ಡೈಲಾಗೇ ಹೇಳಲಿಲ್ಲವಲ್ಲ!

ಮಾರನೇ ದಿನ ಹುಡುಗನ ತಾಯಿ ಪ್ಯಾಂಟು ಹಿಡಿದು ಅಂಗಡಿಗೆ ಬಂದರು. ಮಾವ ಅದರ ಅಂಚನ್ನು ತಿರುಗಿಸಿ ತೋರಿಸಿದ. ಒಳಗೆ ಎರಡು ಬೆರಳು ಬಟ್ಟೆಯನ್ನು ಮಡಿಚಿ ಹೊಲಿದಿಟ್ಟಿದ್ದ. ಬ್ಲೇಡಿನಿಂದ ದಾರ ಬಿಡಿಸಿ, ಇಳಿಸಿ, ಇಸ್ತ್ರಿ ಎಳೆದು ಕೊಟ್ಟ. ಮುಂದಿನ ವರ್ಷಕ್ಕೂ ಆಗುತ್ತದೆ ಅಂತ ಸನ್ನೆ ಮಾಡಿದ.